ಮೂರನೇ ಸಾಲಿನ ಜಿನದತ್ತ

ಚನ್ನರಾಯಪಟ್ಟಣದ ಕೊಬ್ಬರಿ ಮಂಡಿಗಳಲ್ಲಿ ತೂಕದ ಯಂತ್ರ ಕೆಟ್ಟರೆ ಜಿನದತ್ತನನ್ನು ಕರೆಯುತ್ತಿದ್ದರು. ಮೂವತ್ತು ವರ್ಷ ಅವನು ಮಾಡಿದ್ದು ಅದೊಂದೇ ಕೆಲಸ. ಮೊದಲು ಕಬ್ಬಿಣದ ತಕ್ಕಡಿ, ಆಮೇಲೆ ಕೆಂಪು ಅಂಕಿ ಮಿನುಗುವ ಎಲೆಕ್ಟ್ರಾನಿಕ್ ಯಂತ್ರ. ಸರಿಮಾಡಿ ಎದ್ದರೆ ರೈತ ಅವನನ್ನು ವ್ಯಾಪಾರಿಯ ಕಡೆಯವನು ಎನ್ನುತ್ತಿದ್ದ, ವ್ಯಾಪಾರಿ ರೈತನ ಕಡೆಯವನು ಎನ್ನುತ್ತಿದ್ದ. ಅವನು ಕೈ ಒರೆಸಿಕೊಂಡು ಬರುತ್ತಿದ್ದ. ಹೋದ ಜೂನಿನಲ್ಲಿ ತೀರಿಕೊಂಡ. ಐವತ್ತೇಳು ವಯಸ್ಸು.

ಅವನಿಗೆ ಇದ್ದ ಹುಚ್ಚು ಒಂದೇ. ಬೆಟ್ಟದಷ್ಟು ದೊಡ್ಡ ಪ್ರಾಣಿಯೊಂದು ಸಮುದ್ರದಿಂದಲೋ ನೆಲದೊಳಗಿನಿಂದಲೋ ಎದ್ದು ಬಂದು ಪಟ್ಟಣಗಳನ್ನು ತುಳಿಯುವ ಸಿನಿಮಾ. ಹಾಸನದಲ್ಲಿ ಬಿ.ಎ. ಓದುವಾಗ ನಾವಿಬ್ಬರೂ ಅಂಥದ್ದೊಂದನ್ನು ಮೊದಲು ನೋಡಿದೆವು. ನನಗೆ ಅದು ಅಲ್ಲಿಗೇ ಮುಗಿಯಿತು. ಅವನಿಗೆ ಮುಗಿಯಲಿಲ್ಲ. ಅಂಥ ಸಿನಿಮಾ ಹಾಸನಕ್ಕೆ ಬಂದರೆ ಸಾಕು, ಅಂಗಡಿಗೆ ಬೀಗ ಹಾಕಿ ನನ್ನನ್ನು ಎಬ್ಬಿಸಿಕೊಂಡು ಬಸ್ ಹತ್ತುತ್ತಿದ್ದ. ಪರದೆಯಿಂದ ಮೂರನೇ ಸಾಲಿನಲ್ಲೇ ಕೂರಬೇಕು. ಅಲ್ಲಿ ಕತ್ತು ಹಿಂದಕ್ಕೆ ವಾಲಿಸದಿದ್ದರೆ ಪ್ರಾಣಿಯ ತಲೆ ಕಾಣುವುದಿಲ್ಲ. ಮನುಷ್ಯರು ಮಾತಾಡುವ ಭಾಗಗಳಲ್ಲಿ ನಿದ್ದೆ ಮಾಡುತ್ತಿದ್ದ. ಪ್ರಾಣಿ ಬರುವ ಹೊತ್ತಿಗೆ ತಾನಾಗಿಯೇ ಎಚ್ಚರವಾಗುತ್ತಿತ್ತು.

ಬಚ್ಚಲಲ್ಲಿ ಇರುವೆ ಕಂಡರೆ ಅದು ದಾಟುವವರೆಗೆ ಚೊಂಬು ಹಿಡಿದು ನಿಲ್ಲುವವನು ಅವನು. ನಾನು ಕೆಣಕುತ್ತಿದ್ದೆ.

"ಇರುವೆ ತುಳಿಯಲ್ಲ, ಊರು ತುಳಿಯೋದನ್ನ ಟಿಕೆಟ್ ತಗೊಂಡು ನೋಡ್ತೀಯ. ಪಾಪ ಬರಲ್ವೇನಲಾ?"

"ಅದಕ್ಕೆ ಊರು ಇರೋದೇ ಕಾಣಲ್ಲ ಕಣ. ನಮ್ ಮಂಡಿಯೋರ್ಗೆ ಎಲ್ಲಾ ಕಾಣ್ತದೆ, ಆದ್ರೂ ತುಳೀತಾರೆ."

ಸಿನಿಮಾ ಮುಗಿದ ಮೇಲೆ ಕಥೆಯ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಪ್ರಾಣಿಗೆ ತೂಕ ಇತ್ತೇ ಇಲ್ಲವೇ ಎಂಬುದಷ್ಟೇ ಅವನ ಪ್ರಶ್ನೆ. ಭಾರ ಇರುವುದು ನಿಧಾನವಾಗಿ ನಡೆಯುತ್ತದೆ, ಕಾಲಿಟ್ಟ ಸದ್ದು ಎದೆಗೆ ಬಂದು ತಟ್ಟಬೇಕು, ಧೂಳು ಆಮೇಲೆ ಏಳಬೇಕು. ಹಾಗೆ ಆಗದಿದ್ದರೆ "ಒಳಗೆ ಹತ್ತಿ ತುಂಬವ್ರೆ" ಎಂದು ಬೈಯುತ್ತಿದ್ದ. ಆದರೆ ಒಮ್ಮೆ, ವಾಪಸ್ ಬರುವ ಬಸ್ಸಿನಲ್ಲಿ, ಕೇಳದೆಯೇ ಹೇಳಿದ: "ಬೆಳಗಿಂದ ಸಂಜೆಗಂಟ ಹತ್ತು ಗ್ರಾಂಗೆ ಜಗಳ ಕೇಳ್ತೀನಿ. ಆ ಪ್ರಾಣೀನ ಯಾರೂ ತೂಗಕ್ಕಾಗಲ್ಲ ಕಣ್ಲಾ. ಅದರ ಕೆಳಗೆ ಕೂತಿದ್ರೆ ಮನ್ಸು ಸುಮ್ಕಾಗ್ತದೆ."

ಈ ಮನುಷ್ಯ ಸಿನಿಮಾ ಬಿಡುವಂತೆ ಮಾಡಿದ್ದು ನಾನು.

ಅವನು ತೀರಿಕೊಳ್ಳುವ ಹಿಂದಿನ ವರ್ಷ ಜುಲೈನಲ್ಲಿ ಊರಿನ ಬಸದಿಗೆ ಮುನಿಗಳೊಬ್ಬರು ಚಾತುರ್ಮಾಸಕ್ಕೆ ಬಂದಿದ್ದರು. ಆ ದಿನಗಳಲ್ಲಿ ಶ್ರಾವಕರು, ಅಂದರೆ ಗೃಹಸ್ಥ ಜೈನರು, ಮುನಿಗಳ ಮುಂದೆ ನಿಂತು, ಇಷ್ಟು ಕಾಲ ಇಂಥದ್ದನ್ನು ಬಿಡುತ್ತೇನೆ ಎಂದು ನಿಯಮ ತೆಗೆದುಕೊಳ್ಳುತ್ತಾರೆ. ಜಿನದತ್ತನ ಅಣ್ಣ ಧರಣೇಂದ್ರ ಒಂದು ವರ್ಷ ಅನಾನಸ್ ಬಿಟ್ಟ. ಅನಾನಸ್ ತಿಂದರೆ ಅವನ ತುಟಿ ಊದಿಕೊಳ್ಳುತ್ತದೆ ಎಂಬುದು ಬೀದಿಗೆಲ್ಲ ಗೊತ್ತು. ಜಿನದತ್ತ ಹಾಗಲಕಾಯಿ ಬಿಡುವವನಿದ್ದ. ಅವನು ಅದನ್ನು ಮೊದಲೂ ಮುಟ್ಟಿದವನಲ್ಲ.

"ತಿನ್ನದೇ ಇರೋದನ್ನ ಬಿಡೋಕೆ ಮುನಿಗಳ್ಯಾಕೆ ಬೇಕು?" ಎಂದೆ. "ಇಷ್ಟ ಇರೋದನ್ನ ಬಿಟ್ರೆ ತಾನೆ ಬಿಟ್ಟಂಗೆ."

ಕಾಲೇಜಿನಲ್ಲಿ ಪಾಠ ಹೇಳಿ ಹೇಳಿ ಬಂದ ಚಪಲ ಅದು. ಹೇಳಿದವನು ಮರೆತು ಮನೆಗೆ ಹೋದೆ. ಅವನು ಮರುದಿನ ಎದ್ದು ನಿಂತು, ಒಂದು ವರ್ಷ ಚಿತ್ರಮಂದಿರದೊಳಗೆ ಕಾಲಿಡುವುದಿಲ್ಲ ಎಂದುಬಿಟ್ಟ.

ಫೆಬ್ರವರಿಯಲ್ಲಿ ಹೊಟ್ಟೆನೋವು ಶುರುವಾಯಿತು. ಹಾಸನದ ಡಾಕ್ಟರು ಸ್ಕ್ಯಾನಿಂಗ್ ನೋಡಿ ಅವನ ಹೆಂಡತಿ ರಾಜೀಮತಿಯನ್ನೂ ನನ್ನನ್ನೂ ಹೊರಗೆ ಕರೆದು ಮಳೆಗಾಲ ಕಾಣುವುದು ಕಷ್ಟ ಎಂದರು. ಅವನಿಗೆ ನಾವು ಹೇಳಲಿಲ್ಲ. ಅವನೂ ಕೇಳಲಿಲ್ಲ. ಮೇ ತಿಂಗಳಲ್ಲಿ ಅವನು ಮೂರು ವರ್ಷದಿಂದ ಕಾಯುತ್ತಿದ್ದ ಸಿನಿಮಾ ಹಾಸನಕ್ಕೆ ಬಂತು. ಪೋಸ್ಟರಿನಲ್ಲಿ ಪ್ರಾಣಿಯ ಒಂದು ಕಾಲು ಮಾತ್ರ ಇತ್ತು. ಅದರ ಹೆಬ್ಬೆರಳಿನ ಪಕ್ಕ ಒಂದು ಹಡಗು. ನಿಯಮ ಮುಗಿಯುವುದು ಜುಲೈನಲ್ಲಿ.

ಮೊದಲು ಧರಣೇಂದ್ರನ ಮನೆಯ ದೊಡ್ಡ ಟಿವಿಯಲ್ಲಿ ಹಳೆಯದೊಂದನ್ನು ಹಾಕಿ ತೋರಿಸಿದೆ. ಎರಡು ನಿಮಿಷ ನೋಡಿದ.

"ಇದು ಹಲ್ಲಿ ಕಣ್ಲಾ. ಆರ್ಸು."

ಮುನಿಗಳೇ ನಿಯಮ ಸಡಿಲಿಸಲಿ ಎಂದು ಹುಡುಕಿಕೊಂಡು ಹೊರಟೆ. ಅವರು ಬರಿಗಾಲಲ್ಲಿ ಊರಿಂದೂರಿಗೆ ನಡೆಯುವವರು. ಹೊಳೆನರಸೀಪುರದಲ್ಲಿದ್ದಾರೆ ಎಂದರು. ಅಲ್ಲಿಗೆ ಹೋದರೆ, ಹೊರಟು ಎರಡು ದಿನವಾಯಿತು ಎಂದರು. ಅರಕಲಗೂಡಿನ ಹತ್ತಿರ, ಬೇಸಿಗೆ ರಜೆಯ ಶಾಲೆಯೊಂದರಲ್ಲಿ ಸಿಕ್ಕಿದರು. ನಾನು ಹೇಳಿದ್ದನ್ನು ನಗದೆ ಕೇಳಿದರು. ರಾಕ್ಷಸ ಪ್ರಾಣಿಯ ಸಿನಿಮಾ ಎಂದಾಗಲೂ ನಗಲಿಲ್ಲ.

"ಕಾಯಿಲೆಯವರಿಗೆ ಸಡಿಲಿಸಬಹುದು. ಒಂದು ಸಣ್ಣ ಪ್ರಾಯಶ್ಚಿತ್ತ ಹೇಳುತ್ತೇನೆ. ಆದರೆ ಅವರು ಕೇಳಿದರೇ?"

"ಇಲ್ಲ."

"ತೆಗೆದುಕೊಂಡವರು ಅವರು. ಅವರೇ ಕೇಳಲಿ. ಫೋನಿನಲ್ಲಿ ಕೇಳಿಸಿದರೂ ಸಾಕು." ಜೊತೆಗಿದ್ದ ಶ್ರಾವಕರೊಬ್ಬರು ನಂಬರ್ ಕೊಟ್ಟರು.

ಅದು ಭಾನುವಾರ. ಚನ್ನರಾಯಪಟ್ಟಣಕ್ಕೆ ವಾಪಸ್ ಬಂದವನು ಮನೆಗೂ ಹೋಗದೆ ಅವನ ಮಂಚದ ಪಕ್ಕ ನಿಂತು ನಂಬರ್ ಕೊಟ್ಟೆ. ಅವನು ಚೀಟಿಯನ್ನು ಮಡಚಿ ದಿಂಬಿನ ಕೆಳಗೆ ಇಟ್ಟ.

"ನಾನು ಕೇಳಲ್ಲ ಕಣ ಷಡಕ್ಷರಿ."

"ಯಾಕಲಾ?"

"ಕೇಳುದ್ರೆ ಕೊಡ್ತಾರೆ. ಆಮೇಲೆ ನನ್ ನಿಯಮಕ್ಕೂ ನಮ್ಮಣ್ಣನ ಅನಾನಸ್‌ಗೂ ಏನ್ಲಾ ವ್ಯತ್ಯಾಸ?"

ನನಗೆ ಸಿಟ್ಟು ನೆತ್ತಿಗೇರಿತು. ಬಿಸಿಲಿನಲ್ಲಿ ಬೈಕ್ ಓಡಿಸಿ ಸೊಂಟ ಬಿದ್ದುಹೋಗಿತ್ತು. ಆದರೆ ಸಿಟ್ಟು ಅದಕ್ಕಲ್ಲ. ನನ್ನ ಮಾತನ್ನೇ ಅವನು ನನಗೆ ಹೇಳಿದ್ದ. "ಸಿನಿಮಾ ಟಿಕೆಟ್ಟಿಗೆ ಇಷ್ಟು ನಾಟಕ ಆಡ್ತೀಯ. ನೀನೇನು ದೊಡ್ಡ ಸಂತನಾ? ಬಿದ್ದಿರು," ಎಂದು ಬಂದುಬಿಟ್ಟೆ. ಸಾಯುತ್ತಿರುವವನಿಗೆ ಆಡಿದ ಮಾತು ಅದು.

ನಾಲ್ಕು ದಿನ ಆ ಕಡೆ ಹೋಗಲಿಲ್ಲ. ಬುಧವಾರ ಸಂಜೆ ರಾಜೀಮತಿಯ ಫೋನ್ ಬಂತು, ಎತ್ತಲಿಲ್ಲ. ಗುರುವಾರ ಎರಡು ಸಲ ಬಂತು. ಪರದೆಯ ಮೇಲೆ ಹೆಸರು ನೋಡಿ ಫೋನನ್ನು ಮಗುಚಿಟ್ಟೆ. ಅವಳ ಕೈಲಿ ಯಾಕೆ ಸಮಾಧಾನ ಹೇಳಿಸುತ್ತಾನೆ, ಬೇಕಿದ್ದರೆ ಅವನೇ ಮಾತಾಡಲಿ ಅಂದುಕೊಂಡೆ. ಫೋನಿನಲ್ಲಿ ಮಾತಾಡಲು ಅವನಿಗೆ ಉಸಿರು ಸಾಲುವುದಿಲ್ಲ ಎಂದು ಗೊತ್ತಿದ್ದೂ ಹಾಗೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಹೋದೆ. ರಾಜೀಮತಿ ಬಾಗಿಲಲ್ಲೇ ನಿಲ್ಲಿಸಿದಳು.

"ಬುಧವಾರ ಅವರೇ ಚೀಟಿ ತೆಗೆದು ಫೋನ್ ಮಾಡ್ಸುದ್ರು ಅಣ್ಣ. ಮುನಿ ಮಹಾರಾಜ್ರು ಆಗ್ಲಿ ಅಂದ್ರು. ಒಂದು ಉಪವಾಸ ಹೇಳುದ್ರು, ಅವರ ಬದ್ಲು ನಾನು ಮಾಡ್ತೀನಿ ಅಂದೆ, ಅದಕ್ಕೂ ಒಪ್ಪುದ್ರು. ನಿನ್ನೆ ಕಾರ್ ಮಾಡ್ಕೊಂಡು ನಾನೇ ಕರ್ಕೊಂಡೋಗ್ತೀನಿ ಅಂದ್ರೆ ಕೇಳ್ಲಿಲ್ಲ. ಷಡಕ್ಷರಿ ಬತ್ತಾನೆ, ಬಂದೇ ಬತ್ತಾನೆ ಅಂತ ಮೂರು ಗಂಟೆಯಿಂದ ಶರ್ಟ್ ಹಾಕ್ಕಂಡು ಜಗಲಿ ಮೇಲೆ ಕೂತಿದ್ರು. ಏಳಾಯ್ತು. ಆಮೇಲೆ ನಾನೇ ಒಳಗೆ ಕರ್ಕೊಂಡ್ಬಂದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಒಳಗೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಬೇಡ ಅಂದವನು ಯಾಕೆ ಕೇಳಿದೆ ಎಂದೆ.

"ಆಸೆ ಆಯ್ತು ಕಣ," ಎಂದ. ಆಮೇಲೆ ಈ ಕಡೆ ಹೊರಳಿ, "ಸಿನಿಮಾ ಎತ್ತುಬುಟ್ರಾ?" ಎಂದು ಕೇಳಿದ.

ಎತ್ತಿದ್ದರು. ಗುರುವಾರದ್ದೇ ಕೊನೆಯ ಆಟ. ಶನಿವಾರ ಹಾಸನಕ್ಕೆ ಹೋಗಿ ಚಿತ್ರಮಂದಿರದ ಮ್ಯಾನೇಜರನ್ನು ಹಿಡಿದೆ. ಬೆಳಗಿನ ಹೊತ್ತು ನಡೆಯಲಾರದ ಒಬ್ಬ ರೋಗಿಗೋಸ್ಕರ ಒಂದು ಆಟ ಹಾಕಿ, ಇಡೀ ಹಾಲಿನ ದುಡ್ಡು ಕೊಡುತ್ತೇನೆ ಎಂದೆ.

"ದುಡ್ಡಿನ ಪ್ರಶ್ನೆ ಅಲ್ಲ ಸಾ. ಮೊದ್ಲಂಗೆ ರೀಲ್ ಡಬ್ಬ ಬರಲ್ಲ. ಕಂಪ್ನಿಯೋರು ಕೀ ಅಂತ ಒಂದು ಫೈಲ್ ಕಳುಸ್ತಾರೆ, ಅದು ಗುರುವಾರಕ್ಕೆ ಮುಗೀತು. ಅದಿಲ್ದೆ ಮೆಷಿನ್ನು ಸಿನಿಮಾನೇ ತೆಗೆಯಲ್ಲ. ಎರಡು ದಿನ ಮುಂಚೆ ಬಂದಿದ್ರೆ ನಾನೇ ಗಾಲಿಕುರ್ಚಿ ತಳ್ಕೊಂಡು ಬತ್ತಿದ್ದೆ."

ಬೆಂಗಳೂರಿನಲ್ಲಿ ಒಂದೆರಡು ಕಡೆ ಇನ್ನೂ ನಡೆಯುತ್ತಿತ್ತು. ಆದರೆ ಜಿನದತ್ತ ಮರುದಿನ ಭಾನುವಾರದಿಂದ ಮಂಚ ಇಳಿಯಲಿಲ್ಲ. ಎಂಟು ದಿನ ಇದ್ದ. ನನ್ನನ್ನು ಬೈಯಲಿಲ್ಲ. ಸಿನಿಮಾದ ಮಾತು ಎತ್ತಲಿಲ್ಲ. ನಾನು ಓದಿ ಹೇಳುತ್ತಿದ್ದ ಪೇಪರನ್ನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ, ಅಥವಾ ಕೇಳಿಸಿಕೊಳ್ಳುತ್ತಿರಲಿಲ್ಲ.

ಹದಿನೈದು ದಿನದ ಮೇಲೆ ಬಸದಿಯ ಪಕ್ಕದ ಸಭಾಭವನದಲ್ಲಿ ಶ್ರದ್ಧಾಂಜಲಿ ಇಟ್ಟುಕೊಂಡಿದ್ದರು. ಧರಣೇಂದ್ರ ಅತ್ತುಕೊಂಡೇ ಮಾತಾಡಿದ. ತನ್ನ ತಮ್ಮ ಅಷ್ಟು ಆಸೆಯ ಸಿನಿಮಾ ಊರ ಬಾಗಿಲಿಗೆ ಬಂದರೂ ಪ್ರಾಣ ಬಿಟ್ಟನೇ ಹೊರತು ನಿಯಮ ಬಿಡಲಿಲ್ಲ ಎಂದ. ಜನ ತಲೆದೂಗಿದರು. ಹೆಂಗಸರ ಸಾಲಿನಲ್ಲಿ ರಾಜೀಮತಿ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ನನ್ನನ್ನು ಕರೆದರು. ಸ್ನೇಹಿತರು, ಓದಿದವರು, ನಾಲ್ಕು ಮಾತಾಡಲಿ ಎಂದರು.

ಅವನ ಕೈಯ ತಕ್ಕಡಿ ಒಂದು ಗ್ರಾಂ ಆಚೀಚೆ ಆದದ್ದಿಲ್ಲ ಎಂದೆ. ಎಲ್ಲರಿಗೂ ಅದು ಹಿಡಿಸಿತು. ಅವನು ಕೊನೆಗೆ ಬಾಯಿ ಬಿಟ್ಟು ಕೇಳಿದ್ದ, ಅನುಮತಿಯೂ ಸಿಕ್ಕಿತ್ತು ಎಂದು ಹೇಳಲಿಲ್ಲ. ಹೇಳಿದ್ದರೆ ಯಾರಾದರೂ, ಮತ್ತೆ ಯಾಕೆ ಹೋಗಲಿಲ್ಲ ಎಂದು ಕೇಳುತ್ತಿದ್ದರು. ಉತ್ತರ ಹೇಳಬೇಕಾದವನು ಮೈಕಿನ ಮುಂದೆ ನಿಂತಿದ್ದೆ.