ಧೂಳುಗಾಳಿಯಲ್ಲಿ ಬಂದ ಹಾಡುಗಾರ

ಕೊಲ್ಲಿ ನಾಡಿನ ಮನಾಮಾದ ಹೋಟೆಲೊಂದರಲ್ಲಿ ಅವರು ಗಿಟಾರು ಹಿಡಿದು ಇಂಗ್ಲಿಷಿನ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಹಾಡುತ್ತಿದ್ದರು. ಮಂಗಳೂರಿನ ಕಡೆಯವರು. ಎಂಬತ್ತರ ದಶಕದ ಆರಂಭದಲ್ಲಿ ಆ ಕೆಲಸ ಬಿಟ್ಟು, ಅಲ್ಲಿ ಹಾಕುತ್ತಿದ್ದ ಅಗಲ ಅಂಚಿನ ಟೋಪಿಯನ್ನೇ ಹಾಕಿಕೊಂಡು ಮಕ್ಕಳ ಹುಟ್ಟುಹಬ್ಬಗಳಲ್ಲಿ ಹಾಡತೊಡಗಿದರು. ಪ್ರತಿ ಹಾಡಿಗೂ ಮೊದಲು ಮೂಗು ಉಜ್ಜಿಕೊಂಡು, "ಹಾಡುವನಾ ಮಕ್ಕಳೇ?" ಎಂದು ಕೇಳುತ್ತಿದ್ದರು.

ನನ್ನ ಮಗಳ ಐದನೇ ಹುಟ್ಟುಹಬ್ಬದ ದಿನ ನಾವಿದ್ದ ಮುಹರ್ರಕ್‌ನಲ್ಲಿ ಧೂಳುಗಾಳಿ ಎದ್ದಿತು. ಕರೆದಿದ್ದ ಮಕ್ಕಳಲ್ಲಿ ಒಬ್ಬರೂ ಬರಲಿಲ್ಲ. ಅವಳು ಹೊಸ ಫ್ರಾಕು ತೊಟ್ಟು ಬಾಗಿಲ ಬಳಿಯೇ ಕುಳಿತಿದ್ದಳು. ಬಂದವರು ಅವರೊಬ್ಬರೇ, ರೆಪ್ಪೆಯವರೆಗೂ ಧೂಳು ಮೆತ್ತಿಕೊಂಡು, ಗಿಟಾರನ್ನು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು.

"ಇವತ್ತು ಬೇಡ ಬಿಡಿ, ಕೇಳುವವರೇ ಇಲ್ಲ," ಎಂದೆ ಸಂಕೋಚದಿಂದ.

"ಎಂತ ಮಾರಾಯ್ರೆ, ಇವಳಿಲ್ವಾ? ಹೋಟೆಲಲ್ಲಿ ಜನ ತುಂಬಿರ್ತಿದ್ರು. ನನ್ನ ಕಡೆ ತಿರುಗಿ ನೋಡುವವರು ಒಬ್ರೂ ಇರ್ಲಿಲ್ಲ."

ಮುಖ ತೊಳೆದು ಬಂದು, ಒಂದು ಹಾಡನ್ನೂ ಬಿಡದೆ ಇಡೀ ಕಾರ್ಯಕ್ರಮ ನಡೆಸಿಕೊಟ್ಟರು. ಕೋಳಿಯಂತೆ ಕೂಗಿದರು. ಕುದುರೆಯಾಗಿ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಸುತ್ತಿದರು. ನಾನೂ ಹೆಂಡತಿಯೂ ಚಪ್ಪಾಳೆ ತಟ್ಟಿ ಕೈ ಕೆಂಪಗೆ ಮಾಡಿಕೊಂಡೆವು.

ಮಗಳಿಗೆ ಈಗ ಅವಳದೇ ಮಕ್ಕಳಿದ್ದಾರೆ. ಆ ದಿನದ ಮಾತು ಬಂದರೆ ಸಾಕು, "ಎಷ್ಟು ಜನ ಸೇರಿದ್ರಲ್ವಾ ಅಪ್ಪಾ ಅವತ್ತು!" ಎನ್ನುತ್ತಾಳೆ.

ಹೌದು ಎನ್ನುತ್ತೇನೆ.