ಲೋಕ ನುಂಗುವವಳ ಬೀಗದ ಕೈ

ನಮ್ಮ ಚಿತ್ರಕಥೆ ಪುಸ್ತಕದ ಮೊದಲ ಭಾಗದಲ್ಲಿ ಖಳನಾಗಿದ್ದವನು ಒಬ್ಬ ಕಡಲ ರಕ್ಕಸ. ಕಾಪುವಿನ ದೀಪಸ್ತಂಭದ ಕೆಳಗೆ ಬೆಳೆದ ಹುಡುಗಿಯೊಬ್ಬಳು, ಸಮುದ್ರದ ಭರತವನ್ನು ಶಾಲಿನ ತುದಿಗೆ ಗಂಟು ಹಾಕಬಲ್ಲವಳು, ಅವನನ್ನು ಬಂಡೆಗೆ ಬಿಗಿದು ಊರನ್ನು ಉಳಿಸುತ್ತಾಳೆ. ಕಥೆ, ಮಾತು ನನ್ನದು. ಚಿತ್ರಗಳು ನನಗಿಂತ ತುಂಬ ಚಿಕ್ಕವಳಾದ ಒಬ್ಬ ಬ್ಯಾರಿ ಮುಸ್ಲಿಂ ಹುಡುಗಿಯವು. ಅವಳ ಮನೆ ಕಾಪುವಿನಲ್ಲೇ, ಕೆಲಸ ಮಣಿಪಾಲದಲ್ಲಿ. ಪುಸ್ತಕ ನಾವು ಎಣಿಸಿದ್ದಕ್ಕಿಂತ ಚೆನ್ನಾಗಿ ಹೋಯಿತು. ಪ್ರಕಾಶಕರು ನಮ್ಮಿಬ್ಬರನ್ನೂ ಕರೆಸಿ, ಚಹಾ ಕೊಟ್ಟು, ಎರಡನೆಯ ಭಾಗ ಬೇಕೆಂದರು.

"ಆದರೆ ವಿಲನ್‌ಗಳು ದೊಡ್ಡವರಾಗಬೇಕು ಮೇಡಂ. ಸಮುದ್ರ ಸಾಲದು. ಈ ಸಲ ಇಡೀ ಬ್ರಹ್ಮಾಂಡ."

ಹೇಳುವವರಿಗೇನು, ಬ್ರಹ್ಮಾಂಡವೂ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಬರೆಯಬೇಕಾದವಳು ನಾನು. ಉಡುಪಿಯ ನಮ್ಮ ಮನೆಯ ಅಡುಗೆಕೋಣೆಯ ಪಕ್ಕದ ಮೇಜಿನಲ್ಲಿ ಕುಳಿತು, ದೇವರಷ್ಟೇ ಶಕ್ತಿಯುಳ್ಳ ಮೂವರು ದುಷ್ಟರನ್ನು ಹುಟ್ಟಿಸಲು ಹೊರಟೆ. ಹುಟ್ಟಿದವರು ಬಾಯಿ ತೆರೆದರೆ "ನಾನೇ ಆದಿ, ನಾನೇ ಅಂತ್ಯ, ನಾನೇ ಅಂಧಕಾರ" ಎನ್ನುವುದು ಬಿಟ್ಟು ಬೇರೇನೂ ಹೇಳಲಿಲ್ಲ. ಮಣಿಪಾಲದ ಬಸ್‌ಸ್ಟ್ಯಾಂಡಿನ ಹತ್ತಿರದ ಜ್ಯೂಸ್ ಅಂಗಡಿಯಲ್ಲಿ ಕುಳಿತು ಹುಡುಗಿ ಅದನ್ನೆಲ್ಲ ಓದಿದಳು.

"ಅಕ್ಕ, ಇವರು ಬರೇ ಸ್ವಪರಿಚಯ ಮಾಡಿಕೊಳ್ಳುತ್ತಾರಲ್ಲ," ಎಂದಳು. "ಸಂಘದ ವಾರ್ಷಿಕೋತ್ಸವದ ಹಾಗೆ. ಹೆದರಿಕೆ ಎಲ್ಲಿ ಉಂಟು?"

ಸಿಟ್ಟು ಬಂತು, ನಿಜವನ್ನೇ ಹೇಳಿದಳೆಂದು. ಆಮೇಲೆ ಇಬ್ಬರೂ ಸೇರಿ, ನಮಗೆ ನಿಜವಾಗಿ ಹೆದರಿಕೆ ಹುಟ್ಟಿಸುವವರು ಯಾರು ಎಂದು ಯೋಚಿಸಿದೆವು. ಮೊದಲನೆಯವನು ಆಗಲೇ ಸಿಕ್ಕಿದ: ಕಾಲವನ್ನು ನಿಲ್ಲಿಸುವವನು. ಅವನು ಅಬ್ಬರಿಸುವುದಿಲ್ಲ. ಸರಕಾರಿ ಕಚೇರಿಯ ಕಿಟಕಿಯ ಆಚೆ ಕುಳಿತು, ತಲೆ ಎತ್ತದೆ, "ಇವತ್ತು ಆಗುವುದಿಲ್ಲ, ನಾಳೆ ಬನ್ನಿ" ಎನ್ನುತ್ತಾನೆ, ಗ್ರಹಗಳು ನಿಂತಲ್ಲೇ ನಿಲ್ಲುತ್ತವೆ. ಎರಡನೆಯವನು ಮದುವೆಯ ಊಟದಲ್ಲಿ ಎದುರು ಬಂದು ಕೂರುವ ದೂರದ ನೆಂಟ. ನಕ್ಷತ್ರಗಳ ಹತ್ತಿರ ಹೋಗಿ "ನನ್ನ ಗುರ್ತ ಸಿಕ್ಕಿತಾ?" ಎಂದು ಕೇಳುತ್ತಾನೆ. ಗುರುತು ಸಿಗದ ನಕ್ಷತ್ರ ಆರಿಹೋಗುತ್ತದೆ. ಹುಡುಗಿ ನಕ್ಕು ನಕ್ಕು ಜ್ಯೂಸನ್ನು ಟ್ಯಾಬಿನ ಮೇಲೆ ಚೆಲ್ಲಿಕೊಂಡಳು.

ಇವರಿಬ್ಬರ ಮೇಲೆ ಇನ್ನೊಬ್ಬಳು ಬೇಕಿತ್ತು, ಲೋಕಗಳನ್ನೇ ನುಂಗುವವಳು. ಅವಳು ಹೇಗಿರಬೇಕು ಎಂದು ಹುಡುಗಿ ಕೇಳಿದಳು. ನಾನು ಹಿಂದೆಮುಂದೆ ನೋಡದೆ ಹೇಳುತ್ತಾ ಹೋದೆ. ಅವಳು ಸ್ವರ ಎತ್ತುವುದೇ ಇಲ್ಲ. ಒಳಗೆ ಬಂದರೆ ಕುಳಿತವರಿಗೆ ತಾವೇ ಎದ್ದು ನಿಲ್ಲಬೇಕು ಅನ್ನಿಸುತ್ತದೆ. ಪಾತ್ರೆಯ ಮುಚ್ಚಳ ಎತ್ತಿ ಒಮ್ಮೆ ಮೂಸಿದರೆ ಸಾಕು, ನೀನು ಹುಟ್ಟಿದಂದಿನಿಂದ ಮಾಡಿದ ತಪ್ಪೆಲ್ಲ ಅವಳಿಗೆ ಗೊತ್ತಾಗುತ್ತದೆ. ಹುಡುಗಿ ತಲೆಯಾಡಿಸುತ್ತಾ ಗೀಚಿಕೊಂಡಳು. ಯಾರ ಬಗ್ಗೆ ಹೇಳುತ್ತಿದ್ದೇನೆ ಎನ್ನುವುದು ದೇವರಾಣೆಗೂ ನನ್ನ ತಲೆಗೆ ಹೊಳೆಯಲಿಲ್ಲ.

ಚಿತ್ರ ಮೊಬೈಲಿಗೆ ಬಂದ ದಿನ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ತೆರೆದು ನೋಡಿದರೆ, ಆಕಾಶಗಂಗೆಯ ನಡುವೆ ನಮ್ಮ ಅತ್ತೆ ನಿಂತಿದ್ದರು.

ಹೋಲಿಕೆ ಗೀಲಿಕೆ ಅಲ್ಲ, ಅತ್ತೆಯೇ. ಎರಡೂ ಕಡೆ ಮೂಗುಬೊಟ್ಟು. ಕನ್ನಡಕದ ಮೇಲಿನಿಂದ ನೋಡುವ ಅದೇ ನೋಟ; ಕನ್ನಡಕದ ಗಾಜು ಮಾತ್ರ ಎರಡು ಚಂದ್ರ. ಕೈಯಲ್ಲಿ ಸೌಟು, ಅದರಿಂದ ಜ್ವಾಲೆ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಒಂದೊಂದು ಬೀಗದ ಕೈಯಲ್ಲೂ ಒಂದೊಂದು ಲೋಕ ತೂಗುತ್ತಿತ್ತು. ಅಷ್ಟು ಚೆಂದದ ಖಳನಾಯಕಿಯನ್ನು ನಾನು ಎಲ್ಲಿಯೂ ನೋಡಿರಲಿಲ್ಲ. ಒಗ್ಗರಣೆ ಕರಟಿಹೋಯಿತು. ಒಳಗಿನ ಕೋಣೆಯಿಂದ "ಸಾಸಿವೆ ಹೊತ್ತಿತು" ಎಂಬ ಮಾತು ಸ್ವರ ಎತ್ತದೆಯೇ ನನ್ನನ್ನು ಮುಟ್ಟಿತು.

ನಮ್ಮ ಅತ್ತೆಯ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅವರ ತವರು ಕಾರ್ಕಳದ ಕಡೆ. ಈ ಮನೆಯ ಉಗ್ರಾಣದ, ಕಪಾಟಿನ, ಉಪ್ಪಿನಕಾಯಿ ಭರಣಿಯ ಕೋಣೆಯ ಬೀಗದ ಕೈಗಳು ಅವರ ಸೊಂಟದಲ್ಲೇ ಇರುತ್ತವೆ. ನಾನು ಮದುವೆಯಾಗಿ ಬಂದು ತಲೆಯ ಕೂದಲು ನರೆಯಲು ಶುರುವಾದರೂ ಅವುಗಳಲ್ಲಿ ಒಂದು ಕೂಡ ನನ್ನ ಕೈಗೆ ಬಂದಿರಲಿಲ್ಲ. ಮನೆಯ ಜಗಲಿ ಹತ್ತಿದವರು ಯಾರೇ ಇರಲಿ, ಅವರಿಗೆ ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಡದೆ ಅತ್ತೆ ಬಾಯಿ ತೆರೆಯುವುದಿಲ್ಲ. ಬೆಲ್ಲ ನೀರು ಕೊಡುವ ಪದ್ಧತಿ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇತ್ತು, ಈಗ ಚಹಾದ ಎದುರು ಸೋತಿದೆ. ಅತ್ತೆಯ ಮನೆಯಲ್ಲಿ ಸೋತಿಲ್ಲ. ಮೀಟರ್ ನೋಡುವವರಿಗೆ, ಪಾರ್ಸೆಲ್ ತರುವವರಿಗೆ, ಪಕ್ಕದ ಮನೆ ಕಟ್ಟಲು ಬಾಗಲಕೋಟೆಯ ಕಡೆಯಿಂದ ಬಂದ ಗಾರೆಯವರಿಗೆ, ಎಲ್ಲರಿಗೂ ಬೆಲ್ಲ ನೀರು. ಕುಡಿದು ಲೋಟ ಕೆಳಗಿಡುವ ಮೊದಲೇ ವಿಚಾರಣೆ ಶುರು: ಯಾವ ಊರು, ಮಕ್ಕಳೆಷ್ಟು, ಅಮ್ಮ ಹೇಗಿದ್ದಾರೆ. ಬೆಲ್ಲ ಕೊಡುವುದೇ ಗಾಳಕ್ಕೆ ಎರೆ ಸಿಕ್ಕಿಸಿದ ಹಾಗೆ ಎಂದು ನಾನು ತಿಳಿದಿದ್ದೆ.

ಹುಡುಗಿಯೂ ಮೊದಲ ಪುಸ್ತಕದ ಕಾಲದಲ್ಲಿ ಹೀಗೇ ಸಿಕ್ಕಿಬಿದ್ದಿದ್ದಳು. ಅತ್ತೆ ಮನೆಯಲ್ಲಿ ತುಳು ಆಡುವವರು, ಮನೆಮಾತು ಬ್ಯಾರಿಯಾದ ಅವಳೊಡನೆ ಮಾತ್ರ ಪಠ್ಯಪುಸ್ತಕದಂಥ ಕನ್ನಡ. ಇಬ್ಬರಿಗೂ ಒಳ್ಳೆಯ ಸ್ನೇಹವಾಗಿತ್ತು. ಆ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಹೊಲಿಸಿ ತಂದ ಮಾದರಿ ಪ್ರತಿಯನ್ನು ಅತ್ತೆ ದೇವರ ದೀಪದ ಎದುರು ಇಟ್ಟು, ಆಮೇಲೆ ಕುಳಿತು ಓದಿ, ಸಂಜೆಯ ಆಕಾಶದಲ್ಲಿ ಬಿದಿಗೆಯ ಚಂದ್ರ ತಿರುವುಮುರುವಾಗಿರುವುದನ್ನು ಹಿಡಿದುಕೊಟ್ಟಿದ್ದರು. ಅಂದಿನಿಂದ ಮಾದರಿ ಪ್ರತಿ ಮೊದಲು ಅತ್ತೆಗೆ ಎಂಬುದು ನಿಯಮವಾಗಿಬಿಟ್ಟಿತು. ಈ ಸಲ ಅದೇ ನಿಯಮ ನನ್ನ ಕುತ್ತಿಗೆಗೆ ಬಂತು. ಅವರು ತಮ್ಮ ಮುಖವನ್ನು ಗುರುತಿಸಿದರೆ ಮನೆಯ ನೆಮ್ಮದಿ ಅಂದಿಗೆ ಮುಗಿಯಿತು. ಸೊಸೆ ಊರಿಡೀ ಓದಲೆಂದು ಅತ್ತೆಯನ್ನು ರಾಕ್ಷಸಿ ಮಾಡಿದಳು ಎಂಬ ಆರೋಪದಿಂದ ಯಾವ ಕೋರ್ಟೂ ನನ್ನನ್ನು ಬಿಡಿಸುತ್ತಿರಲಿಲ್ಲ.

ಹುಡುಗಿಗೆ ಫೋನು ಮಾಡಿದೆ. "ಎಂತ ಮಾಡಿದ್ದು ನೀನು?"

"ಎಂತ ಆಯ್ತು? ನೀವೇ ಹೇಳಿದ್ದಲ್ವಾ ಅಕ್ಕ? ಮುಚ್ಚಳ ಎತ್ತಿ ಮೂಸುವುದು, ಸ್ವರ ಎತ್ತದೆ ಇರುವುದು. ನಿಮ್ಮ ಮನೆಯ ಅಮ್ಮನ ಬಗ್ಗೆಯೇ, ನಿಮ್ಮ ಅತ್ತೆಯ ಬಗ್ಗೆಯೇ ಹೇಳುತ್ತಿದ್ದೀರಿ ಎಂದು ಎಣಿಸಿದೆ."

"ರಾಕ್ಷಸಿ ಮಾರಾಯ್ತಿ ಅದು."

"ನಾನು ರಾಕ್ಷಸಿಯನ್ನು ಬಿಡಿಸಲಿಲ್ಲ," ಎಂದಳು. "ನಾನು ನೋಡಿದವರಲ್ಲಿ ಎಲ್ಲರಿಗಿಂತ ದೊಡ್ಡವರನ್ನು ಬಿಡಿಸಿದೆ."

ಫೋನು ಇಟ್ಟೆ. ಆದರೆ ಹೆದರಿಕೆ ಸುಮ್ಮನಾಗಬೇಕಲ್ಲ. ವೇಷ ಮರೆಸಲು ನೋಡಿದೆವು. ತಲೆಗೆ ಕೊಂಬು ಇಟ್ಟರೆ, ಅತ್ತೆ ಕೊಂಬು ಇಟ್ಟುಕೊಂಡ ಹಾಗೆ ಕಂಡರು. ಕನ್ನಡಕ ತೆಗೆದರೆ, ಅತ್ತೆ ಕನ್ನಡಕ ಹುಡುಕುತ್ತಿರುವ ಹಾಗೆ. ಬೀಗದ ಕೈ ತೆಗೆದಾಗ ಮಾತ್ರ ಅವರು ಅತ್ತೆಯೂ ಅಲ್ಲ, ಖಳನಾಯಕಿಯೂ ಅಲ್ಲ, ಬಸ್ಸಿಗೆ ಕಾಯುತ್ತಿರುವ ಯಾರೋ ಒಬ್ಬರಾದರು. ಹುಡುಗಿ ಗೊಂಚಲನ್ನು ಮತ್ತೆ ಸಿಕ್ಕಿಸಿದಳು. ಅಷ್ಟರಲ್ಲಿ ಪುಟಗಳೆಲ್ಲ ಬಣ್ಣವಾಗಿ, ಕೊನೆಯ ಪುಟದಲ್ಲಿ ದೀಪಸ್ತಂಭದ ಹುಡುಗಿ ಲೋಕ ನುಂಗುವವಳನ್ನು ನಕ್ಷತ್ರಗಳ ನಡುವಿನ ತಳವಿಲ್ಲದ ಹೊಂಡಕ್ಕೆ ತಳ್ಳಿಯೂ ಆಗಿತ್ತು. ಅದನ್ನು ಬರೆದವಳು ನಾನೇ. ಬರೆಯುವಾಗ ತುಂಬ ಹಿತವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಮಾದರಿ ಪ್ರತಿ ಬರುವ ದಿನವನ್ನು ನಾನು ಉಪಾಯವಾಗಿ ಸಂಕ್ರಮಣಕ್ಕೆ ಹಾಕಿಸಿದೆ. ಸಂಕ್ರಮಣದಂದು ಅತ್ತೆ ದೇವರ ಸೇವೆಗೆ ಬಾಳೆಹಣ್ಣು ಹಿಡಿದುಕೊಂಡು ಪೆರ್ಡೂರಿನ ದೇವಸ್ಥಾನಕ್ಕೆ ಹೋಗುತ್ತಾರೆ, ಬರುವಾಗ ಹಿರಿಯಡ್ಕದಲ್ಲಿ ತಂಗಿಯ ಮನೆಗೆ ಹೊಕ್ಕರೆ ಸಂಜೆಯಾಗುತ್ತದೆ. ಅಷ್ಟರಲ್ಲಿ ಪುಸ್ತಕ ನೋಡಿ, ಪ್ರಕಾಶಕರಿಗೆ ಕೊಟ್ಟು ಕೈ ತೊಳೆದುಕೊಳ್ಳುವುದು ಎಂದು ನನ್ನ ಲೆಕ್ಕ. ನಾನೊಂದು ಬಗೆದರೆ ದೈವವೊಂದು ಬಗೆಯಿತು. ತಂಗಿ ಮನೆಯಲ್ಲಿರಲಿಲ್ಲ. ಹುಡುಗಿ ಜಗಲಿಯಲ್ಲಿ ಕುಳಿತು ಚೀಲ ಬಿಚ್ಚುವುದಕ್ಕೂ ಅತ್ತೆ ರಿಕ್ಷಾದಿಂದ ಇಳಿಯುವುದಕ್ಕೂ ಸರಿಹೋಯಿತು.

ಹುಡುಗಿಗೆ ಬೆಲ್ಲ ನೀರು ಬಂತು. ಪುಸ್ತಕ ದೇವರ ದೀಪದ ಎದುರು ಹೋಯಿತು. ಆಮೇಲೆ ಅತ್ತೆಯ ಮಡಿಲಿಗೆ ಬಂತು.

ಅವರು ಒಂದೊಂದೇ ಚೌಕದ ಮೇಲೆ ಬೆರಳಿಟ್ಟು ಓದುತ್ತಾರೆ. "ನಾಳೆ ಬನ್ನಿ" ಎನ್ನುವವನನ್ನು ಕಂಡು "ಇವನನ್ನು ನಾನು ಬಲ್ಲೆ" ಎಂದರು. ಗುರ್ತ ಕೇಳುವ ನೆಂಟನಿಗೆ ಕಿಸಕ್ಕನೆ ನಕ್ಕರು. ಹುಡುಗಿ ನೆಲ ನೋಡುತ್ತಿದ್ದಳು, ನಾನು ಅಂಗಳದ ತೆಂಗಿನ ಮರ ನೋಡುತ್ತಿದ್ದೆ. ಪುಟ ಮಗುಚುವ ಸದ್ದು ನಿಂತಿತು. ಲೋಕ ನುಂಗುವವಳು ಬಂದಿದ್ದಳು. ಅತ್ತೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ. ಕೊನೆಯ ಪುಟದವರೆಗೆ ಓದಿದರು. ಹೊಂಡಕ್ಕೆ ಬೀಳುವ ಚಿತ್ರವನ್ನು ತುಂಬ ಹೊತ್ತು ನೋಡಿದರು. ನಾನು ಮನಸ್ಸಿನಲ್ಲೇ ತವರಿಗೆ ಹೋಗುವ ಬಸ್ಸು ಹತ್ತಿದ್ದೆ.

"ಎರಡು ತಪ್ಪು ಉಂಟು," ಎಂದರು ಅತ್ತೆ, ಹುಡುಗಿಯೂ ಇದ್ದಳೆಂದು ಕನ್ನಡದಲ್ಲಿ. "ಬೀಗದ ಕೈ ಎಡಬದಿಗೆ ಇರಬೇಕು. ಬಲಗೈಯಲ್ಲಿ ಸೌಟು ಇದೆಯಲ್ಲ, ತಾಗುತ್ತದೆ."

ಹುಡುಗಿಯ ಮುಖ ಕೆಂಪಾಯಿತು. ನಾನು ನೋಡಿದೆ, ಅತ್ತೆಯ ಗೊಂಚಲು ಎಡ ಸೊಂಟದಲ್ಲೇ ಇತ್ತು.

"ಇನ್ನೊಂದು, ಇಲ್ಲಿ," ಎಂದು ಹಿಂದಿನ ಪುಟಗಳಿಗೆ ಹೋದರು. "ಇವಳು ಅಷ್ಟು ದೂರದಿಂದ ಬಂದು ಈ ದೀಪಸ್ತಂಭದ ಹುಡುಗಿಯ ಹೊಸ್ತಿಲಲ್ಲಿ ನಿಂತಿದ್ದಾಳೆ. ಬನ್ನಿ ಎಂದವರಿಲ್ಲ, ಕುಳಿತುಕೊಳ್ಳಿ ಎಂದವರಿಲ್ಲ. ಪೆರ್ಡೂರಿನ ದೇವರಿಗೇ ಬಾಳೆಹಣ್ಣು ಬೇಕು. ಇವಳಿಗೆ ಹಸಿವು ಇರುವುದಿಲ್ಲವಾ? ಒಂದು ಲೋಟ ನೀರು, ಒಂದು ತುಂಡು ಬೆಲ್ಲ ಕೊಟ್ಟಿದ್ದರೆ ಇವಳು ಆ ಮನೆ ನುಂಗುತ್ತಿರಲಿಲ್ಲ. ಹೊಂಡಕ್ಕೆ ತಳ್ಳುವ ಕೆಲಸವೂ ಇರುತ್ತಿರಲಿಲ್ಲ. ಉಂಡ ಮನೆಗೆ ಎರಡು ಬಗೆಯುವವಳಲ್ಲ ಇವಳು."

"ಅದು ನಿಮಗೆ ಹೇಗೆ ಗೊತ್ತು ಅತ್ತೆ?" ನನ್ನ ಬಾಯಿ ಯಾವಾಗಲೂ ಹೀಗೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆ ನೋಟ ಚಿತ್ರದ ಎರಡು ಚಂದ್ರಗಳಿಗೆ ಏನೂ ಕಡಿಮೆಯಿರಲಿಲ್ಲ.

"ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನಾನು ಕಾರ್ಕಳದಿಂದ ಈ ಮನೆಗೆ ಬಂದದ್ದು ಬೇಸಗೆಯಲ್ಲಿ. ಆರತಿ ಎತ್ತಿದರು, ಅಕ್ಕಿ ಒದೆಸಿದರು, ಹಿರಿಯರ ಕಾಲಿಗೆಲ್ಲ ಬೀಳಿಸಿದರು. ಒಳಗೆ ಹೋದರೆ ಪಾತ್ರೆ ರಾಶಿ. ನೀರು ಬೇಕಾ ಎಂದು ಕೇಳಿದವರಿಲ್ಲ. ಕೊಡಪಾನ ಎಲ್ಲಿ ಉಂಟು ಎಂದು ಕೇಳಲಿಕ್ಕೆ ನನಗೆ ನಾಚಿಕೆ. ರಾತ್ರಿ ಊಟದವರೆಗೂ ಒಣಗಿದ ಬಾಯಲ್ಲೇ ಇದ್ದೆ. ಆ ದಿನ ಎಣಿಸಿದ್ದು, ಒಂದು ದಿನ ಈ ಮನೆಯ ಬೀಗದ ಕೈ ಎಲ್ಲ ನನ್ನ ಕೈಗೆ ಬರಬೇಕು, ಮತ್ತೆ ಇಲ್ಲಿಗೆ ಬಂದವರು ಯಾರೂ ಬಾಯಾರಿ ನಿಲ್ಲಬಾರದು ಎಂದು."

ಹುಡುಗಿ ಮೂಗು ಒರೆಸಿಕೊಂಡಳು. ನನಗೆ ನನ್ನ ಮದುವೆಯ ದಿನ ನೆನಪಾಯಿತು. ಈ ಮನೆಯ ಹೊಸ್ತಿಲು ದಾಟಿದ ಕೂಡಲೇ, ಆರತಿಗೂ ಮೊದಲು, ಯಾರೋ ನನ್ನ ಕೈಗೆ ಲೋಟ ಕೊಟ್ಟಿದ್ದರು. ಹೆದರಿಕೆಯಲ್ಲಿ ಕೊಟ್ಟವರ ಮುಖ ನೋಡಿರಲಿಲ್ಲ, ಬಳೆ ಮಾತ್ರ ಕಂಡಿತ್ತು. ಈಗ ಪುಸ್ತಕದ ಮೇಲಿದ್ದ ಕೈಯನ್ನು ನೋಡಿದೆ, ಅದೇ ಬಳೆ. ನನಗೆ ಅತ್ತೆಯ ಮೇಲೆ ಬಹಳ ಪ್ರೀತಿ ಬಂತು. ಹಾಗೆಂದು ಹೇಳುವ ಧೈರ್ಯ ಬರಲಿಲ್ಲ.

ಕೊನೆಯ ಪುಟಗಳನ್ನು ಬದಲಿಸಿದೆವು. ಬ್ರಹ್ಮಾಂಡದ ವಿಲನ್ ಬೆಲ್ಲ ನೀರಿಗೆ ಸೋಲುವುದೇ ಎಂದು ಪ್ರಕಾಶಕರು ಹಣೆ ಚಚ್ಚಿಕೊಂಡರು. ಹುಡುಗಿ ಮಣಿಯಲಿಲ್ಲ. ಈಗ ಲೋಕ ನುಂಗುವವಳು ದೀಪಸ್ತಂಭದ ಕೆಳಗಿನ ಪುಟ್ಟ ಮನೆಯ ಜಗಲಿಯಲ್ಲಿ ಕುಳಿತು ನೀರು ಕುಡಿಯುತ್ತಾಳೆ, ಆಮೇಲೆ ಗೊಂಚಲಿನಿಂದ ಒಂದೊಂದೇ ಲೋಕವನ್ನು ಬಿಡಿಸಿ ಕೆಳಗಿಡುತ್ತಾಳೆ. ಪುಸ್ತಕ ಬಂದ ಮೇಲೆ ಅತ್ತೆ ಒಂದು ಪ್ರತಿಯನ್ನು ಪೆರ್ಡೂರಿಗೆ ಚೀಲದಲ್ಲಿ ಹಾಕಿಕೊಂಡು ಹೋಗಿ, ಪರಿಚಯದವರಿಗೆಲ್ಲ, ಯಕ್ಷಗಾನದ ಮಾತಿನಲ್ಲಿ, ಮುಖ್ಯ ವೇಷ ತಮ್ಮದೆಂದು ತೋರಿಸಿದರಂತೆ.

ಆ ದಿನ ಅವರು ಪೆರ್ಡೂರಿನಿಂದ ಮರಳಿ ರಿಕ್ಷಾದಿಂದ ಇಳಿಯುವ ಹೊತ್ತಿಗೆ ನಾನು ಹೊಸ್ತಿಲಲ್ಲಿ ನಿಂತಿದ್ದೆ, ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬೆಲ್ಲ. ಅತ್ತೆ ಮೆಟ್ಟಿಲಲ್ಲೇ ನಿಂತು ನನ್ನನ್ನು ನೋಡಿದರು. ನೀರನ್ನು ಪೂರ್ತಿ ಕುಡಿದರು. ಬೆಲ್ಲವನ್ನು ಬಾಯಿಗೆ ಹಾಕಿ ಸ್ವಲ್ಪ ಹೊತ್ತು ಚೀಪಿದರು.

"ಹಳೆ ಬೆಲ್ಲ ಇದು," ಎಂದರು. ಆಮೇಲೆ ಎಡ ಸೊಂಟಕ್ಕೆ ಕೈ ಹಾಕಿ, ಗೊಂಚಲಿನಿಂದ ಉಗ್ರಾಣದ ಬೀಗದ ಕೈಯೊಂದನ್ನು ಬಿಡಿಸಿ, ಖಾಲಿ ಲೋಟದೊಳಗೆ ಹಾಕಿ ನನಗೆ ಕೊಟ್ಟರು. "ಹೊಸತು ಒಳಗೆ ಉಂಟು. ಇನ್ನು ಅದರಿಂದ ತೆಗೆದು ಕೊಡು."