ನಾಲ್ಕು ಸೀಟಿನ ಕೋಣೆ

ಹಲಸೂರಿನ ನಮ್ಮ ಮನೆಯ ಮಹಡಿಯಲ್ಲಿ ಹತ್ತಡಿ ಅಗಲ, ಹದಿಮೂರಡಿ ಉದ್ದದ ಒಂದು ಕೋಣೆಯಿದೆ. ಹರಿದ ಹಾಸಿಗೆ, ಕೆಟ್ಟ ಮಿಕ್ಸಿ, ನೀರಿನ ಡ್ರಮ್ಮು ತುಂಬಿಕೊಂಡಿದ್ದ ಆ ಕೋಣೆಯನ್ನು ಹೋಮ್ ಥಿಯೇಟರ್ ಮಾಡಬೇಕೆಂದು ಹೋದ ವರ್ಷ ನನ್ನ ಗಂಡನಿಗೂ ಮೈದುನನಿಗೂ ಹುಚ್ಚು ಹತ್ತಿತು. ಕೋಣೆ ಖಾಲಿ ಮಾಡಿದವಳು ನಾನು. ಪ್ಲಾನು ಮಾತ್ರ ಅವರಿಬ್ಬರದು. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಮೈದುನ ಇರುವುದು ಬಾಣಸವಾಡಿಯಲ್ಲಿ. ನಮ್ಮ ಮನೆಗೆ ಬರುವುದು ಭಾನುವಾರ, ಅದೂ ಸರಿಯಾಗಿ ಊಟದ ಹೊತ್ತಿಗೆ. ಯಾವುದೋ ನಾಲ್ಕು ವಿಡಿಯೋ ನೋಡಿ ಪಂಡಿತನಾಗಿಬಿಟ್ಟಿದ್ದ. ಕೂತವರ ಕಣ್ಣು ಪರದೆಗೆ ನೇರವಾಗಿರಬೇಕಂತೆ, ಹಿಂದಿನ ಸಾಲಿಗೆ ಆರಿಂಚಿನ ಕಟ್ಟೆ ಬೇಕಂತೆ. ಅದಕ್ಕೆಂದು ಮನೆಯವರನ್ನು ಒಬ್ಬೊಬ್ಬರಾಗಿ ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಕಣ್ಣಿನವರೆಗೆ ಟೇಪು ಹಿಡಿದು ಅಳೆದ. ಮಾವನವರದು, ನನ್ನ ಗಂಡನದು, ಮಗಳದು, ಕೊನೆಗೆ ತನ್ನದೂ.

"ಅತ್ತಿಗೆ, ಈ ತುದಿ ಸ್ವಲ್ಪ ನೆಲಕ್ಕೆ ಒತ್ತಿ ಹಿಡ್ಕೊಳ್ಳಿ" ಎಂದ. ನಾಲ್ಕು ಸಲವೂ ಬಗ್ಗಿ ಹಿಡಿದುಕೊಂಡೆ. ನನ್ನ ಕಣ್ಣು ಎಷ್ಟು ಎತ್ತರದಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ.

ಸೀಟು ಮಾಡಿಕೊಡಲು ಒಪ್ಪಿದವರು ಶಿವಾಜಿನಗರದ ಒಬ್ಬರು ಸೋಫಾ ಕೆಲಸದವರು. ನಾವೆಲ್ಲ ಅವರನ್ನು ಭಾಯ್ ಎನ್ನುತ್ತಿದ್ದೆವು. ಮೈದುನ ಕಳಿಸಿದ ನಕ್ಷೆಯನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಡ್ರಾಯಿಂಗ್‌ನಲ್ಲಿ ಏನೂ ಗೊತ್ತಾಗಲ್ಲ ಸರ್. ಒಂದೊಂದ್ ಸೀಟಿನ ಅಳತೆಗೆ ಪೇಪರ್ ಕತ್ತರಿಸಿ ನೆಲಕ್ಕೆ ಹಾಕ್ಬಿಡಿ, ಕಾಲು ಚಾಚೋ ಜಾಗಾನೂ ಸೇರಿಸಿ. ನಾನ್ ಬಂದು ನೋಡ್ತೀನಿ" ಎಂದು ಫೋನಿನಲ್ಲಿ ಹೇಳಿದರು. ಆ ಕೆಲಸ ಯಾರ ತಲೆಗೆ ಬಂತೆಂದು ಹೇಳಬೇಕಾಗಿಲ್ಲ. ಮೈದಾ ಅಂಟು ಕಾಯಿಸಿ, ಹಳೆಯ ಪೇಪರುಗಳನ್ನು ಒಂದಕ್ಕೊಂದು ಅಂಟಿಸಿ, ಭಾಯ್ ಹೇಳಿದ ಅಳತೆಗೆ ಮಧ್ಯಾಹ್ನವೆಲ್ಲ ಮಂಡಿಯೂರಿ ಕತ್ತರಿಸಿದೆ.

ಭಾನುವಾರ ಭಾಯ್ ಬಂದರು. ಎಲ್ಲರೂ ತಂತಮ್ಮ ಪೇಪರಿನ ಮೇಲೆ ಕೂತು ಖಾಲಿ ಗೋಡೆ ನೋಡುತ್ತಿದ್ದರು. ಮುಂದೆ ಮಾವ, ಪಕ್ಕದಲ್ಲಿ ಮಗಳು. ಹಿಂದೆ ಅಣ್ಣತಮ್ಮಂದಿರು ಆಗಲೇ ಕಾಲು ಚಾಚಿಬಿಟ್ಟಿದ್ದರು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಭಾಯ್ ಪೇಪರುಗಳನ್ನು ನೋಡಿದರು, ನನ್ನನ್ನು ನೋಡಿದರು.

"ಮೇಡಂದು ಯಾವ್ದು?"

ನನ್ನ ಗಂಡ ತಿರುಗಿಯೂ ನೋಡಲಿಲ್ಲ. "ಅವ್ಳೆಲ್ಲಿ ಕೂರ್ತಾಳೆ ಬಿಡಿ ಭಾಯ್, ಎದ್ದು ಓಡಾಡ್ತಾನೇ ಇರ್ತಾಳೆ. ಬಾಗಿಲ ಹತ್ರ ಒಂದು ಸ್ಟೂಲ್ ಹಾಕಿದ್ರಾಯ್ತು."

"ಐದನೇದು ಹಾಕಿದ್ರೆ ಓಡಾಡಕ್ಕೆ ಜಾಗಾನೇ ಇರಲ್ಲ ಅತ್ತಿಗೆ. ನಿಮಗೇ ಕಷ್ಟ" ಎಂದು ಮೈದುನ ನನ್ನ ಮೇಲೆ ಕರುಣೆ ಬೇರೆ ತೋರಿಸಿದ.

ನನಗೇ ಕಷ್ಟವಂತೆ! ವಾರಕ್ಕೊಮ್ಮೆ ಬಂದು ಉಂಡು ಹೋಗುವವನಿಗೆ ಕಾಲು ಚಾಚುವ ಸೀಟು, ಹದಿನಾರು ವರ್ಷದಿಂದ ಇದೇ ಮನೆಯಲ್ಲಿ ಬೇಯುತ್ತಿರುವವಳಿಗೆ ಸ್ಟೂಲು. ನಾನು ಎದ್ದು ಓಡಾಡುವುದು ಯಾರಿಗಾಗಿ? ನನಗೇನು ಕಾಲಿಗೆ ಚಕ್ರ ಕಟ್ಟಿದೆಯೇ? ಕಾಫಿ ತಟ್ಟೆಯನ್ನು ಕುಕ್ಕಿದೆ.

"ಏನ್ರೀ, ನಾನು ಸಿನಿಮಾ ನೋಡಲ್ವಾ? ಪೂರ್ತಿ ಕೂತು ಒಂದು ಸಿನಿಮಾ ನೋಡ್ಬೇಕು ಅಂತ ನಂಗೆ ಆಸೆ ಇರಲ್ವಾ? ಇಷ್ಟು ಜನದ ಅಳತೆ ತಗೊಂಡ್ರಿ, ಒಬ್ರಿಗಾದ್ರೂ ನನ್ನ ನೆನಪಾಯ್ತಾ?"

ಮಾವ ತಲೆ ತಗ್ಗಿಸಿದರು. ಭಾಯ್ ಸೀಲಿಂಗ್ ನೋಡತೊಡಗಿದರು. ಇನ್ನೂ ಹೇಳುವುದಿತ್ತು, ಅಷ್ಟರಲ್ಲಿ ಮಗಳು ಮೆಲ್ಲಗೆ ಎಂದಳು: "ಅಮ್ಮ, ಅವತ್ತು ಎಷ್ಟು ಪೇಪರ್ ಅಂತ ನಾನ್ ಕೇಳಿದ್ನಲ್ಲ. ನೀನೇ ನಾಲ್ಕು ಅಂದೆ."

ಹೌದು, ಕೇಳಿದ್ದಳು. ನಾನು ಕತ್ತರಿ ಹಿಡಿದುಕೊಂಡೇ ಬೆರಳು ಮಡಚಿ ಎಣಿಸಿದ್ದೆ: ತಾತ, ಅಪ್ಪ, ಚಿಕ್ಕಪ್ಪ, ನೀನು. ನಾಲ್ಕೇ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ. ನಕ್ಷೆಯನ್ನು ನಾನು ತೆರೆದೂ ನೋಡಿರಲಿಲ್ಲ. ಆದರೆ ನನ್ನ ಗಂಡನ ಮುಖದಲ್ಲಿ, ಸದ್ಯ ಬಚಾವಾದೆ ಎಂಬ ನಿರಾಳ ಕಂಡಿತಲ್ಲ, ಅದನ್ನು ನೋಡಿ ಮತ್ತೆ ಸಿಟ್ಟು ಬಂತು.

ಭಾಯ್ ಕಿವಿಯ ಮೇಲಿನ ಪೆನ್ಸಿಲ್ ತೆಗೆದರು. "ಹಂಗಾದ್ರೆ ಎಷ್ಟು ಸೀಟು ಬರ್ಕೊಳ್ಳಲಿ?"

ಗಂಡ ಬಾಯಿ ತೆರೆಯುವ ಮೊದಲೇ ಹೇಳಿದೆ. "ಫಸ್ಟು ನಂದು ಬರ್ಕೊಳ್ಳಿ ಭಾಯ್. ಮುಂದಿನ ಸಾಲಲ್ಲಿ. ಮಿಕ್ಕಿದವ್ರದ್ದು ಆಮೇಲೆ ಜಾಗ ನೋಡ್ಕೊಂಡು ಹೇಳ್ತೀನಿ."

ಈ ಮನೆಯಲ್ಲಿ ನಾನು ನನ್ನನ್ನು ಮೊದಲು ಎಣಿಸಿದ್ದು ಅದೇ ಮೊದಲ ಸಲ. ಹೇಳುವಾಗ ಕದ್ದು ಸಿಕ್ಕಿಬಿದ್ದವಳಂತೆ ನಾಚಿಕೆಯಾಯಿತು. ಅವತ್ತಿನ ಸಿಟ್ಟೆಲ್ಲ ಯಾವಾಗಲೋ ಇಳಿದುಹೋಗಿದೆ, ಆ ನಾಚಿಕೆಯ ಮೇಲಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.